ಬಿ550 ಮದರ್‌ಬೋರ್ಡ್, ನಾಲ್ಕು ತಿಂಗಳ ನಂತರ: ಬೋರ್ಡ್ ಒಳ್ಳೆಯದು, ಡ್ರೈವರ್‌ಗೆಂದು ಒಂದಿಡೀ ದಿನ ಎತ್ತಿಡಿ

ನಾನು ಆಡಿಯೊ ಪುಸ್ತಕಗಳ ಧ್ವನಿ ಎಡಿಟ್ ಮಾಡುವವಳು. ಓದಿದವರ ರೆಕಾರ್ಡಿಂಗ್ ನನ್ನ ಬಳಿ ಬರುತ್ತದೆ. ಅದರಲ್ಲಿನ ತುಟಿ ಸದ್ದು, ಕುರ್ಚಿ ಕಿರುಗುಟ್ಟಿದ್ದು, ಎರಡೆರಡು ಸಲ ಓದಿದ ಸಾಲು ಎಲ್ಲ ತೆಗೆದು, ನಡುವಿನ ಮೌನ ಸರಿಮಾಡಿ ಕಳಿಸುತ್ತೇನೆ. ದಿನಕ್ಕೆ ಏಳೆಂಟು ಗಂಟೆ ಹೆಡ್‌ಫೋನ್ ಕಿವಿಯ ಮೇಲೇ ಇರುತ್ತದೆ. ಕಂಪ್ಯೂಟರ್ ಕೈಕೊಟ್ಟರೆ ಅವತ್ತಿನ ಕೆಲಸ ನಿಂತಂತೆಯೇ. ನಾಲ್ಕು ತಿಂಗಳ ಹಿಂದೆ ಹಳೆಯ ಮದರ್‌ಬೋರ್ಡ್ ಹೋಯಿತು. ಅದರ ಜಾಗಕ್ಕೆ ಎಎಂಡಿ ಬಿ550 ಚಿಪ್‌ಸೆಟ್ (ಬೋರ್ಡ್‌ನ ಪೋರ್ಟ್, ಸ್ಲಾಟ್‌ಗಳನ್ನು ಪ್ರೊಸೆಸರ್‌ಗೆ ಜೋಡಿಸುವ ಚಿಪ್) ಇರುವ, ಮೈಕ್ರೋ ಎಟಿಎಕ್ಸ್ ಎಂಬ ಚಿಕ್ಕ ಅಳತೆಯ ಬೋರ್ಡ್ ತಂದು ನಾನೇ ಕೂರಿಸಿದೆ, ಡ್ರೈವರ್‌ಗಳನ್ನೂ, ಅಂದರೆ ಒಂದೊಂದು ಭಾಗವನ್ನೂ ವಿಂಡೋಸ್ ನಡೆಸಲು ಬೇಕಾದ ಸಾಫ್ಟ್‌ವೇರನ್ನೂ, ನಾನೇ ಹಾಕಿಕೊಂಡೆ. ಕೊಳ್ಳುವ ಮುಂಚೆ ನಾನು ಓದಿದ ವಿಮರ್ಶೆಗಳೆಲ್ಲ ಬೋರ್ಡನ್ನು ಪೆಟ್ಟಿಗೆಯಿಂದ ತೆಗೆದು, ಫೋಟೊ ಹಾಕಿ, ಗೇಮ್‌ನಲ್ಲಿ ಎಷ್ಟು ಫ್ರೇಮ್ ಬಂತೆಂದು ಹೇಳಿ ಮುಗಿಯುತ್ತಿದ್ದವು. ನನಗೆ ಬೇಕಾಗಿದ್ದುದು ಅದಾದ ಮೇಲಿನ ಕಥೆ. ವಿಂಡೋಸ್ ಎದ್ದ ಮೇಲೆ ಯಾವುದು ಕೆಲಸ ಮಾಡುವುದಿಲ್ಲ, ಅದರ ಡ್ರೈವರ್ ಎಲ್ಲಿ ಸಿಗುತ್ತದೆ, ಸಿಕ್ಕಿದ್ದು ಸರಿಯಾದದ್ದೇನಾ? ಹಾಗಾಗಿ ಇಲ್ಲಿ ಅದನ್ನೇ ಹೆಚ್ಚು ಬರೆಯುತ್ತೇನೆ.

ಬೋರ್ಡ್ ಕಂಪನಿಯ ಹೆಸರು ಹಾಕುತ್ತಿಲ್ಲ. ನನ್ನ ದೂರುಗಳಲ್ಲಿ ಕೆಲವು ನನ್ನ ಬೋರ್ಡ್‌ಗೆ ಮಾತ್ರ ಸಂಬಂಧಿಸಿದವು, ಆದರೆ ಹೆಚ್ಚಿನ ಮಾತು ಯಾವ ಕಂಪನಿಯ ಬೋರ್ಡ್ ತಂದರೂ ಅನ್ವಯಿಸುತ್ತದೆ.

ಹಳೆಯದು ಬಿ450 ಬೋರ್ಡ್. ಅದು ಒಮ್ಮೆಲೇ ಸಾಯಲಿಲ್ಲ. ಮೊದಲು 16 ಜಿಬಿ ರ‍್ಯಾಮ್‌ನಲ್ಲಿ 8 ಮಾತ್ರ ಕಾಣಿಸತೊಡಗಿತು. ರ‍್ಯಾಮ್ ಕಡ್ಡಿ ತೆಗೆದು, ಒರೆಸಿ, ಅದಲುಬದಲು ಮಾಡಿ ನೋಡಿದೆ. ಎರಡೂ ಕಡ್ಡಿ ಒಂದು ಚಾನೆಲ್‌ನ (ಪ್ರೊಸೆಸರ್‌ನಿಂದ ರ‍್ಯಾಮ್‌ಗೆ ಹೋಗುವ ಎರಡು ದಾರಿಗಳಲ್ಲಿ ಒಂದು) ಸ್ಲಾಟ್‌ಗಳಲ್ಲಿ ಸರಿಯಾಗಿ ಓಡುತ್ತಿದ್ದವು, ಇನ್ನೊಂದು ಚಾನೆಲ್‌ನಲ್ಲಿ ಎರಡೂ ಓಡುತ್ತಿರಲಿಲ್ಲ. ಆಮೇಲೆ ಕೆಲಸದ ಮಧ್ಯೆ ಪಟ್ಟನೆ ಆಫ್ ಆಗುವುದು ಶುರುವಾಯಿತು. ಇಲ್ಲಿ ಒಂದು ಮಾತು. ಒಂದು ಚಾನೆಲ್ ಸತ್ತರೆ ತಪ್ಪು ಬೋರ್ಡ್‌ನದೇ ಇರಬೇಕೆಂದೇನಿಲ್ಲ. ರ‍್ಯಾಮ್ ನಿಯಂತ್ರಿಸುವ ಭಾಗ ಇರುವುದು ಪ್ರೊಸೆಸರ್ ಒಳಗೆ. ಎಎಂ4 ಎಂಬ ಎಎಂಡಿ ಸಾಕೆಟ್‌ನಲ್ಲಿ ಕೂರುವ ನನ್ನ ಪ್ರೊಸೆಸರ್‌ನ ಅಡಿಯಲ್ಲಿ 1331 ಪಿನ್‌ಗಳಿವೆ, ಒಂದು ಬಾಗಿದರೂ ಇದೇ ಲಕ್ಷಣ ಕಾಣಬಹುದು. ಅದಕ್ಕೇ ಪ್ರೊಸೆಸರನ್ನು ಗೆಳತಿಯ ಕಂಪ್ಯೂಟರ್‌ಗೆ ಹಾಕಿ ನೋಡಿದೆ, ಎರಡೂ ಚಾನೆಲ್ ಬಂದವು. ಅವಳ ಎಸ್‌ಎಂಪಿಎಸ್ (ವಿದ್ಯುತ್ ಕೊಡುವ ಪೆಟ್ಟಿಗೆ) ತಂದು ನನ್ನದಕ್ಕೆ ಜೋಡಿಸಿದೆ, ಆಫ್ ಆಗುವುದು ನಿಲ್ಲಲಿಲ್ಲ. ಆಗಲೇ ಬೋರ್ಡ್ ಕೊಳ್ಳಲು ಮನಸ್ಸು ಮಾಡಿದ್ದು. ಈ ಎರಡು ಪರೀಕ್ಷೆ ಮಾಡದೆ ಬೋರ್ಡ್ ತಂದರೆ, ಹೊಸ ಬೋರ್ಡ್‌ನಲ್ಲೂ ಹಳೆಯ ಕಾಯಿಲೆಯೇ ಮುಂದುವರಿಯುವ ಸಾಧ್ಯತೆ ಇರುತ್ತದೆ.

ಬಿ550 ಯಾಕೆ ಅಂದರೆ, ನನ್ನ ರೈಜೆನ್ 5 3600 ಚೆನ್ನಾಗಿಯೇ ಇತ್ತು. 2019ರ ಪ್ರೊಸೆಸರ್, ಆರು ಕೋರ್, ಹನ್ನೆರಡು ಥ್ರೆಡ್, 65 ವಾಟ್. ಧ್ವನಿ ಕೆಲಸಕ್ಕೆ ಇವತ್ತಿಗೂ ಧಾರಾಳ. 2022ರಲ್ಲಿ ಬಂದ ಮುಂದಿನ ಸಾಕೆಟ್ ಎಎಂ5ಗೆ ಹೋಗಬೇಕೆಂದರೆ ಪ್ರೊಸೆಸರ್ ಬೇರೆ, ರ‍್ಯಾಮ್ ಕೂಡ ಡಿಡಿಆರ್5. ಬೋರ್ಡ್ ಒಂದು ಕೆಟ್ಟಿದ್ದಕ್ಕೆ ಮೂರು ವಸ್ತು ಬದಲಿಸುವುದು ನನಗೆ ಸರಿ ಕಾಣಲಿಲ್ಲ. 2020ರ ಜೂನ್‌ನಲ್ಲಿ ಬಂದ ಬಿ550 ಇದೇ ಪ್ರೊಸೆಸರ್, ಇದೇ ಡಿಡಿಆರ್4 ತೆಗೆದುಕೊಳ್ಳುತ್ತದೆ. ಮೇಲಾಗಿ ಮೊದಲ ಎಂ.2 ಸ್ಲಾಟ್ (ಎಸ್ಎಸ್‌ಡಿ ಕೂರುವ ಜಾಗ) ಮತ್ತು ಗ್ರಾಫಿಕ್ಸ್ ಸ್ಲಾಟ್‌ಗೆ ಇನ್ನೂ ವೇಗದ ಪಿಸಿಐಇ 4.0 ಸಂಪರ್ಕ ಸಿಗುತ್ತದೆ, ಬಿ450ಯಲ್ಲಿ ಅದು 3.0 ಇತ್ತು. ಆದರೆ ಮೊದಲ ತಲೆಮಾರಿನ ರೈಜೆನ್ ಇಟ್ಟುಕೊಂಡವರು ಬಿ550 ಕೊಳ್ಳಬೇಡಿ, ಸಾಕೆಟ್‌ನಲ್ಲಿ ಕೂತರೂ ಅದಕ್ಕೆ ಅಧಿಕೃತ ಬೆಂಬಲವಿಲ್ಲ. ಬೋರ್ಡ್‌ನ ಪುಟದಲ್ಲಿ ಯಾವ ಪ್ರೊಸೆಸರ್‌ಗೆ ಯಾವ ಬಯೋಸ್ (ಬೋರ್ಡ್ ಒಳಗೇ ಇರುವ, ಕಂಪ್ಯೂಟರ್ ಎಬ್ಬಿಸುವ ಸಾಫ್ಟ್‌ವೇರ್) ಆವೃತ್ತಿ ಬೇಕೆಂಬ ಪಟ್ಟಿ ಇರುತ್ತದೆ, ಅದನ್ನು ನೋಡಿಯೇ ಮುಂದುವರಿಯಿರಿ. ಇನ್ನೊಂದು, 3600ರಲ್ಲಿ ಗ್ರಾಫಿಕ್ಸ್ ಇಲ್ಲ. ಬೋರ್ಡ್ ಹಿಂದಿನ ಎಚ್‌ಡಿಎಂಐಗೆ ಕೇಬಲ್ ಹಾಕಿ ಪರದೆ ಕಪ್ಪಗಿದ್ದರೆ ಬೋರ್ಡ್ ಕೆಟ್ಟಿದೆ ಅಂದುಕೊಳ್ಳಬೇಡಿ. ಕೇಬಲ್ ಗ್ರಾಫಿಕ್ಸ್ ಕಾರ್ಡ್‌ಗೆ ಹೋಗಬೇಕು.

ಹಳೆಯ ಬೋರ್ಡ್ ಆಗೊಮ್ಮೆ ಈಗೊಮ್ಮೆ ಏಳುತ್ತಿದ್ದದ್ದೇ ನನ್ನ ಪುಣ್ಯ. ಆ ಎರಡು ದಿನದಲ್ಲಿ ಮಾಡಿಕೊಂಡ ಕೆಲಸವೇ ಮುಂದೆ ಕಾಪಾಡಿದ್ದು. ನನ್ನ ಎಡಿಟಿಂಗ್ ಸಾಫ್ಟ್‌ವೇರ್‌ನ ಪ್ಲಗಿನ್‌ಗಳ ಲೈಸೆನ್ಸ್ ಯಂತ್ರಕ್ಕೆ ಕಟ್ಟಿರುತ್ತದೆ, ಬೋರ್ಡ್ ಬದಲಾದರೆ ಅದು ಬೇರೆ ಯಂತ್ರ ಅಂತಲೇ ಲೆಕ್ಕ. ಒಂದೊಂದನ್ನೂ ತೆರೆದು ಡಿಆಕ್ಟಿವೇಟ್ ಮಾಡಿದೆ. ವಿಂಡೋಸ್ ಲೈಸೆನ್ಸನ್ನು ಮೈಕ್ರೋಸಾಫ್ಟ್ ಖಾತೆಗೆ ಜೋಡಿಸಿದೆ. ಡಿಸ್ಕ್‌ಗೆ ಬೀಗ ಹಾಕುವ ವಿಂಡೋಸ್‌ನ ಬಿಟ್‌ಲಾಕರ್ ಆನ್ ಇತ್ತು, ನಾನಾಗಿ ಆನ್ ಮಾಡಿದ ನೆನಪಿಲ್ಲ. ಅದರ ಬೀಗದ ಕೈ ಟಿಪಿಎಂ ಎಂಬ ಭದ್ರತಾ ಭಾಗದಲ್ಲಿರುತ್ತದೆ, ಬೋರ್ಡ್ ಹೋದರೆ ಅದೂ ಹೋಯಿತು. ಆಮೇಲೆ 48 ಅಂಕಿಗಳ ರಿಕವರಿ ಕೀ ಒಂದೇ ದಾರಿ. ಆ ಕೀಯನ್ನು ಕಾಗದದ ಮೇಲೆ ಬರೆದು, ನಾಲ್ಕು ಸಲ ಅಂಕಿ ಅಂಕಿ ತಾಳೆ ನೋಡಿ, ಬಿಟ್‌ಲಾಕರ್ ಸಸ್ಪೆಂಡ್ ಮಾಡಿದೆ. ನಿಮ್ಮ ಡಿಸ್ಕ್‌ನಲ್ಲಿ ಬೇರೆಯವರ ಕೆಲಸ ಇದ್ದರೆ ಇದೊಂದನ್ನು ದಯವಿಟ್ಟು ಮರೆಯಬೇಡಿ. ನನ್ನಲ್ಲಿ ಅವತ್ತು ಮೂರು ಪುಸ್ತಕಗಳ ಕಚ್ಚಾ ಧ್ವನಿ ಇತ್ತು, ಅದನ್ನು ಓದಿದವರ ಎಷ್ಟೋ ದಿನದ ದುಡಿಮೆ ಅದು. ಬೇರೆ ಡಿಸ್ಕ್‌ಗೆ ನಕಲು ಆಗುವವರೆಗೂ ನಾನು ಸ್ಕ್ರೂ ಮುಟ್ಟಲಿಲ್ಲ.

ಕೊನೆಗೆ ಹೊಸ ಬೋರ್ಡ್‌ನ ಸಪೋರ್ಟ್ ಪುಟಕ್ಕೆ ಹೋಗಿ ಚಿಪ್‌ಸೆಟ್, ನೆಟ್‌ವರ್ಕ್, ಆಡಿಯೊ ಡ್ರೈವರ್ ಮೂರನ್ನೂ ಪೆನ್‌ಡ್ರೈವ್‌ಗೆ ಇಳಿಸಿಕೊಂಡೆ. ಬೋರ್ಡ್ ಹೆಸರಿನ ಕೊನೆಯ ಅಕ್ಷರ, ರಿವಿಷನ್ ಸಂಖ್ಯೆ ಎರಡನ್ನೂ ತಾಳೆ ನೋಡಬೇಕು. ಒಂದೇ ಹೆಸರಿನ ಬೋರ್ಡ್‌ನ ಎರಡು ರಿವಿಷನ್‌ಗಳಲ್ಲಿ ನೆಟ್‌ವರ್ಕ್ ಚಿಪ್ಪೇ ಬೇರೆ ಇರಬಹುದು. ರಿವಿಷನ್ ಸಂಖ್ಯೆ ಬೋರ್ಡ್‌ನ ಮೂಲೆಯಲ್ಲಿ ಸಣ್ಣದಾಗಿ ಅಚ್ಚಾಗಿರುತ್ತದೆ. ಕೂರಿಸುವ ಮುಂಚೆಯೇ ಫೋಟೊ ತೆಗೆದಿಟ್ಟುಕೊಳ್ಳಿ, ಕ್ಯಾಬಿನೆಟ್ ಒಳಗೆ ಹೋದ ಮೇಲೆ ಅದು ಗ್ರಾಫಿಕ್ಸ್ ಕಾರ್ಡ್‌ನ ಕೆಳಗೆ ಅಡಗಿಬಿಡುತ್ತದೆ.

ಬಿಚ್ಚಿ ಕೂರಿಸುವ ಕೆಲಸಕ್ಕೆ ಎರಡು ಗಂಟೆ ಹಿಡಿಯಿತು. ಅದರಲ್ಲಿ ನನಗೆ ಭಯ ಇದ್ದದ್ದು ಒಂದೇ ಕ್ಷಣದ್ದು, ಕೂಲರ್ ಎತ್ತುವುದು. ಎಎಂ4ರಲ್ಲಿ ಪ್ರೊಸೆಸರನ್ನು ಹಿಡಿದಿಡುವುದು ಒಂದು ಸಣ್ಣ ಸನ್ನೆಕೋಲು ಮಾತ್ರ, ಮೇಲಿಂದ ಅದುಮಿ ಹಿಡಿಯುವ ಚೌಕಟ್ಟು ಇಲ್ಲ. ಥರ್ಮಲ್ ಪೇಸ್ಟ್ ಒಣಗಿ ಅಂಟಾಗಿದ್ದರೆ ಕೂಲರ್ ಜೊತೆಗೆ ಪ್ರೊಸೆಸರ್ ಕೂಡ ಸಾಕೆಟ್‌ನಿಂದ ಕಿತ್ತುಕೊಂಡು ಬರುತ್ತದೆ, ಪಿನ್‌ಗಳು ಬಾಗುವುದು ಆಗಲೇ. ಅದಕ್ಕೇ ಬಿಚ್ಚುವ ಮುಂಚೆ ಇಪ್ಪತ್ತು ನಿಮಿಷ ಕಂಪ್ಯೂಟರ್ ಓಡಿಸಿ ಪೇಸ್ಟ್ ಬೆಚ್ಚಗಾಗಲು ಬಿಟ್ಟೆ. ಮಗಳು ಫೋನ್ ಟಾರ್ಚ್ ಹಿಡಿದು ನಿಂತಿದ್ದಳು. ಕ್ಲಿಪ್ ಬಿಚ್ಚಿ ಸ್ವಲ್ಪ ಮೇಲಕ್ಕೆ ಜಗ್ಗಿದೆ, ಅಲುಗಲಿಲ್ಲ.

"ಅಮ್ಮಾ, ಎಳೀಬೇಡ. ತಿರುಗಿಸು, ಮುಚ್ಚಳ ತಿರುಗಿಸೋ ಹಾಗೆ," ಅಂದಳು.

ಎಡಕ್ಕೊಂದಿಷ್ಟು, ಬಲಕ್ಕೊಂದಿಷ್ಟು. ಮೂರನೇ ಸಲಕ್ಕೆ ಜಿಗುಟು ಬಿಟ್ಟ ಸದ್ದು ಬಂತು, ಕೂಲರ್ ಪಕ್ಕಕ್ಕೆ ಜಾರಿತು. ಪ್ರೊಸೆಸರ್ ಸಾಕೆಟ್‌ನಲ್ಲೇ ಕೂತಿತ್ತು. ಅದನ್ನು ಹೊರತೆಗೆದ ಮೇಲೆ ಮಗಳು ಟಾರ್ಚ್ ಓರೆ ಹಿಡಿದು ಪಿನ್‌ಗಳ ಸಾಲುಗಳನ್ನು ನಾಲ್ಕೂ ಕಡೆಯಿಂದ ನೋಡಿ, ಎಲ್ಲ ನೆಟ್ಟಗಿವೆ ಅಂದ ಮೇಲೆ ನನಗೆ ಉಸಿರು ಬಂತು.

ಉಳಿದದ್ದು ತಾಳ್ಮೆಯ ಕೆಲಸ. ಈ ಬೋರ್ಡ್ 244ಕ್ಕೆ 244 ಮಿಲಿಮೀಟರ್, ಹಳೆಯದು ಪೂರ್ತಿ ಎಟಿಎಕ್ಸ್. ಹಾಗಾಗಿ ಕ್ಯಾಬಿನೆಟ್‌ನ ಹಿತ್ತಾಳೆ ಸ್ಟ್ಯಾಂಡ್‌ಆಫ್‌ಗಳ (ಬೋರ್ಡನ್ನು ತಗಡಿನಿಂದ ಎತ್ತಿ ಹಿಡಿಯುವ ಗಿಡ್ಡ ಕಂಬಗಳು) ಜಾಗವನ್ನು ಬೋರ್ಡ್‌ನ ರಂಧ್ರಗಳ ಜೊತೆ ತಾಳೆ ನೋಡಬೇಕಾಯಿತು. ಬೋರ್ಡ್ ಕೆಳಗೆ ರಂಧ್ರವಿಲ್ಲದ ಕಡೆ ಒಂದಿದ್ದರೂ ತೆಗೆಯಲೇಬೇಕು, ಬಿಟ್ಟರೆ ಬೋರ್ಡ್ ಬೆನ್ನಿನ ಬೆಸುಗೆಗೆ ತಾಗಿ ಶಾರ್ಟ್ ಆಗಬಹುದು. ಪ್ರೊಸೆಸರ್‌ಗೆ ವಿದ್ಯುತ್ ಕೊಡುವ ಎಂಟು ಪಿನ್‌ನ ಕೇಬಲ್ಲನ್ನು ಕೂಲರ್ ಹಾಕುವ ಮುಂಚೆಯೇ ಸಿಕ್ಕಿಸಿ, ಆಮೇಲೆ ಬೆರಳು ಹೋಗುವುದಿಲ್ಲ. ರ‍್ಯಾಮ್ ಎರಡೇ ಕಡ್ಡಿ ಇದ್ದರೆ ಪ್ರೊಸೆಸರ್‌ನಿಂದ ಎಣಿಸಿ ಎರಡನೆಯ ಮತ್ತು ನಾಲ್ಕನೆಯ ಸ್ಲಾಟ್. ಹಿಂದಿನ ಪೋರ್ಟ್‌ಗಳ ತಗಡು ಈ ಬೋರ್ಡ್‌ಗೆ ಅಂಟಿಕೊಂಡೇ ಬಂದಿತ್ತು, ಅದು ನನಗೆ ತುಂಬ ಹಿಡಿಸಿತು. ಪವರ್ ಬಟನ್, ರೀಸೆಟ್, ದೀಪಗಳ ಸಣ್ಣ ಸಣ್ಣ ತಂತಿಗಳಿಗೆ ಗುರುತನ್ನು ಬೋರ್ಡ್ ಮೇಲೇ ಅಚ್ಚು ಹಾಕಿದ್ದಾರೆ, ಆದರೆ ಅಕ್ಷರ ಎಷ್ಟು ಚಿಕ್ಕದೆಂದರೆ ಫೋಟೊ ತೆಗೆದು ಹಿಗ್ಗಿಸಿ ಓದಬೇಕಾಯಿತು.

ಮೊದಲ ಸಲ ಆನ್ ಮಾಡಿದಾಗ ಫ್ಯಾನ್ ತಿರುಗಿತು, ಪರದೆ ಕಪ್ಪು. ಇಲ್ಲಿ ಈ ಬೋರ್ಡ್‌ನ ಅತ್ಯುತ್ತಮ ಗುಣ ಗೊತ್ತಾಯಿತು. ಅಂಚಿನಲ್ಲಿ ನಾಲ್ಕು ಸಣ್ಣ ದೀಪಗಳಿವೆ: ಪ್ರೊಸೆಸರ್, ರ‍್ಯಾಮ್, ಗ್ರಾಫಿಕ್ಸ್, ಬೂಟ್. ಎಲ್ಲಿ ತಡವಾಗಿದೆಯೋ ಆ ದೀಪ ಉರಿಯುತ್ತಿರುತ್ತದೆ. ರ‍್ಯಾಮ್ ದೀಪ ಉರಿಯುತ್ತಿತ್ತು. ಮೊದಲ ಸಲ ಬೋರ್ಡ್ ಆ ರ‍್ಯಾಮ್‌ಗೆ ಹೊಂದಿಕೊಳ್ಳಲು ಸಮಯ ತೆಗೆದುಕೊಳ್ಳುತ್ತದೆ, ಆಫ್ ಮಾಡಬಾರದು. ಒಂದೂವರೆ ನಿಮಿಷ ಕಾದೆ. ದೀಪ ಆರಿ ಮುಂದಿನದಕ್ಕೆ ಹೋಯಿತು, ಪರದೆ ಬಂತು. ಬಂದದ್ದೇ ಒಂದು ಎಚ್ಚರಿಕೆ: ಹೊಸ ಪ್ರೊಸೆಸರ್ ಕಂಡಿದೆ, ಎಫ್‌ಟಿಪಿಎಂ (ಎಎಂಡಿಯ ಟಿಪಿಎಂ) ರೀಸೆಟ್ ಮಾಡಲು ವೈ ಒತ್ತಿ, ಬಿಟ್‌ಲಾಕರ್ ಇದ್ದರೆ ರಿಕವರಿ ಕೀ ಇಲ್ಲದೆ ಸಿಸ್ಟಂ ಏಳುವುದಿಲ್ಲ, ಹಾಗೇ ಬಿಡಲು ಎನ್ ಒತ್ತಿ. ಮೊದಲೇ ಕೀ ಬರೆದಿಟ್ಟುಕೊಂಡಿದ್ದರಿಂದ ವೈ ಒತ್ತಿದೆ. ಕೀ ಇಲ್ಲದವರು ಅಲ್ಲಿ ಏನು ಮಾಡುತ್ತಾರೋ ನೆನೆದರೆ ನನಗೆ ಈಗಲೂ ಕಳವಳವಾಗುತ್ತದೆ.

ಹಳೆಯ ಡಿಸ್ಕ್‌ನ ವಿಂಡೋಸ್ 11 ಯಾವ ತಕರಾರೂ ಇಲ್ಲದೆ ಎದ್ದಿತು. ಡಿವೈಸ್‌ಗಳನ್ನು ಸಿದ್ಧಪಡಿಸುತ್ತಿದ್ದೇನೆ ಅಂತ ಶೇಕಡಾ ಲೆಕ್ಕ ತೋರಿಸುತ್ತಾ, ಎರಡು ಸಲ ರೀಸ್ಟಾರ್ಟ್ ಆಗಿ, ಡೆಸ್ಕ್‌ಟಾಪ್ ಬಂತು. ಎಎಂಡಿಯಿಂದ ಎಎಂಡಿಗೆ ಹೋಗುವವರು ಇಲ್ಲಿಗೇ ನಿಲ್ಲಿಸಬಹುದು, ತಪ್ಪೇನಿಲ್ಲ. ವಿಂಡೋಸ್‌ನ ಡಿವೈಸ್ ಮ್ಯಾನೇಜರ್‌ನಲ್ಲಿ (ಹಾರ್ಡ್‌ವೇರ್‌ಗಳ ಪಟ್ಟಿ) ವ್ಯೂ ಮೆನುವಿನಿಂದ ಅಡಗಿದ ಡಿವೈಸ್‌ಗಳನ್ನು ತೋರಿಸಿ, ಮಸುಕಾಗಿ ಕಾಣುವ ಹಳೆಯ ಬೋರ್ಡ್‌ನ ನೆಟ್‌ವರ್ಕ್, ಆಡಿಯೊ ನಮೂದುಗಳನ್ನು ತೆಗೆದುಹಾಕಿದರೆ ಸಾಕು. ನಾನು ಮಾತ್ರ ಹೊಸದಾಗಿ ವಿಂಡೋಸ್ ಹಾಕುವುದೆಂದು ತೀರ್ಮಾನಿಸಿದೆ. ಆ ಹಳೆಯ ವಿಂಡೋಸ್‌ಗೆ ಐದು ವರ್ಷ ವಯಸ್ಸು. ಅದರಲ್ಲಿ ಹಳೆಯ ಬೋರ್ಡ್‌ನ ಫ್ಯಾನ್ ನಿಯಂತ್ರಕ, ದೀಪದ ಬಣ್ಣ ಬದಲಿಸುವ ಸಾಫ್ಟ್‌ವೇರ್ ಎಲ್ಲ ಸೇರಿಕೊಂಡಿದ್ದವು. ಧ್ವನಿ ಕೆಲಸ ಮಾಡುವ ಯಂತ್ರದಲ್ಲಿ ಹಿನ್ನೆಲೆಯಲ್ಲಿ ಓಡುವ ಇಂಥವು ಎಷ್ಟು ಕಡಿಮೆಯೋ ಅಷ್ಟು ನೆಮ್ಮದಿ. ಇಂಟೆಲ್ ಬೋರ್ಡ್‌ಗೆ ಹೋಗುವವರಿಗೆ ಒಂದು ಸೂಚನೆ. 11ನೇ ತಲೆಮಾರಿನಿಂದ ಈಚಿನ ಎಷ್ಟೋ ಯಂತ್ರಗಳಲ್ಲಿ ಬಯೋಸ್‌ನ ವಿಎಂಡಿ ಎಂಬ ಡಿಸ್ಕ್ ನಿಯಂತ್ರಣದ ಆಯ್ಕೆ ಆನ್ ಇದ್ದರೆ ವಿಂಡೋಸ್ ಇನ್‌ಸ್ಟಾಲರ್‌ಗೆ ಎಂ.2 ಸ್ಲಾಟ್‌ನ ಎನ್‌ವಿಎಂಇ ಡಿಸ್ಕೇ ಕಾಣದೆ ಹೋಗಬಹುದು. ಡಿಸ್ಕ್ ಕೆಟ್ಟಿಲ್ಲ. ಲೋಡ್ ಡ್ರೈವರ್ ಒತ್ತಿ ಇಂಟೆಲ್‌ನ ಆರ್‌ಎಸ್‌ಟಿ ಡ್ರೈವರ್ ಕೊಟ್ಟರೆ ಕಾಣುತ್ತದೆ.

ಹೊಸ ವಿಂಡೋಸ್ ಸೆಟಪ್ ಅರ್ಧಕ್ಕೆ ಬಂದು ಇಂಟರ್‌ನೆಟ್ ಜೋಡಿಸಿ ಅಂತ ಕೇಳಿತು. ಕೇಬಲ್ ಸಿಕ್ಕಿಸಿದ್ದೇನೆ, ಪೋರ್ಟ್‌ನ ದೀಪವೂ ಮಿನುಗುತ್ತಿದೆ, ಆದರೆ ವಿಂಡೋಸ್‌ಗೆ ನೆಟ್‌ವರ್ಕ್ ಕಾಣುತ್ತಿಲ್ಲ. ನನ್ನ ಬಳಿ ಇದ್ದ ಇನ್‌ಸ್ಟಾಲರ್ ಪೆನ್‌ಡ್ರೈವ್ ಯಾವಾಗಲೋ ಮಾಡಿಟ್ಟದ್ದು, ಅದರಲ್ಲಿ ಈ 2.5 ಗಿಗಾಬಿಟ್ ಚಿಪ್‌ನ ಡ್ರೈವರ್ ಇರಲಿಲ್ಲ. ಆಗ ಕೆಲಸಕ್ಕೆ ಬಂದದ್ದು ಆಂಡ್ರಾಯ್ಡ್ ಫೋನ್. ಯುಎಸ್‌ಬಿ ಕೇಬಲ್‌ನಲ್ಲಿ ಜೋಡಿಸಿ, ಫೋನ್‌ನಲ್ಲಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿದರೆ ವಿಂಡೋಸ್ ಅದನ್ನು ಒಂದು ನೆಟ್‌ವರ್ಕ್ ಕಾರ್ಡ್ ಥರ ನೋಡುತ್ತದೆ, ಅದರ ಡ್ರೈವರ್ ವಿಂಡೋಸ್ ಒಳಗೇ ಇದೆ. ಹತ್ತು ಸೆಕೆಂಡ್‌ನಲ್ಲಿ ಮುಂದಕ್ಕೆ ಹೋಯಿತು. ಬೋರ್ಡ್ ಬದಲಿಸುವ ಪ್ರತಿಯೊಬ್ಬರಿಗೂ ನಾನು ಹೇಳುವ ಮೊದಲ ಉಪಾಯ ಈಗ ಇದೇ.

ಡೆಸ್ಕ್‌ಟಾಪ್ ಬಂದ ಮೇಲೆ ಡಿವೈಸ್ ಮ್ಯಾನೇಜರ್ ತೆರೆದೆ. ಹಳದಿ ತ್ರಿಕೋನ ಹೊತ್ತ ನಾಲ್ಕು ಸಾಲು: ಎಸ್ಎಂ ಬಸ್ ಕಂಟ್ರೋಲರ್, ಪಿಸಿಐ ಎನ್‌ಕ್ರಿಪ್ಷನ್ ಡೀಕ್ರಿಪ್ಷನ್ ಕಂಟ್ರೋಲರ್, ಎತರ್ನೆಟ್ ಕಂಟ್ರೋಲರ್, ಮತ್ತೊಂದು ಹೆಸರೇ ಇಲ್ಲದ ಅನ್‌ನೋನ್ ಡಿವೈಸ್. ನಾಲ್ಕಕ್ಕೂ ಕೋಡ್ 28, ಅಂದರೆ ಡ್ರೈವರ್ ಹಾಕಿಲ್ಲ ಎಂದಷ್ಟೇ ಅರ್ಥ, ಹಾರ್ಡ್‌ವೇರ್ ಕೆಟ್ಟಿದೆ ಎಂದಲ್ಲ. ಇಂಥ ಕಡೆ ಹೆಸರು ನಂಬಿ ಹುಡುಕಬೇಡಿ. ಆ ಸಾಲಿನ ಮೇಲೆ ಬಲ ಕ್ಲಿಕ್ ಮಾಡಿ, ಪ್ರಾಪರ್ಟೀಸ್, ಡೀಟೇಲ್ಸ್, ಹಾರ್ಡ್‌ವೇರ್ ಐಡಿ ಅಂತ ಹೋದರೆ ನಿಜವಾದ ಗುರುತು ಸಿಗುತ್ತದೆ. ಎಸ್ಎಂ ಬಸ್‌ನದು ವೆನ್ 1022, ಡೆವ್ 790ಬಿ ಎಂದಿತ್ತು. ವೆನ್ ಎಂದರೆ ಚಿಪ್ ಮಾಡಿದವರು, ಡೆವ್ ಎಂದರೆ ಯಾವ ಚಿಪ್. 1022 ಎಎಂಡಿ, 8086 ಇಂಟೆಲ್, 10ಡಿಇ ಎನ್‌ವಿಡಿಯಾ, 10ಇಸಿ ರಿಯಲ್‌ಟೆಕ್. ಈ ನಾಲ್ಕು ನೆನಪಿದ್ದರೆ ಯಾರ ಮನೆ ಬಾಗಿಲು ತಟ್ಟಬೇಕೆಂದು ಗೊತ್ತಾಗುತ್ತದೆ. ಯಾವುದೋ ಡ್ರೈವರ್ ಹುಡುಕಿಕೊಡುವ ಸಾಫ್ಟ್‌ವೇರ್ ಇಳಿಸಿ, ಅದು ಹೇಳಿದ್ದನ್ನೆಲ್ಲ ಹಾಕಿಕೊಳ್ಳುವುದು ನನಗೆ ಒಪ್ಪಿಗೆಯಿಲ್ಲ. ಕೆಲಸದ ಯಂತ್ರದಲ್ಲಿ ಏನು ಹೋಗಿದೆ, ಎಲ್ಲಿಂದ ಬಂತು ಅನ್ನುವುದು ನಮಗೆ ಗೊತ್ತಿರಬೇಕು.

ಮೊದಲು ಚಿಪ್‌ಸೆಟ್ ಡ್ರೈವರ್ ಹಾಕಿದೆ. ಬೋರ್ಡ್ ಪುಟದಲ್ಲಿದ್ದದ್ದಕ್ಕಿಂತ ಹೊಸದು ಎಎಂಡಿಯ ಪುಟದಲ್ಲೇ ಇತ್ತು, ಅದನ್ನೇ ತೆಗೆದುಕೊಂಡೆ. ರೀಸ್ಟಾರ್ಟ್ ಆಗಿ ಬಂದಾಗ ನಾಲ್ಕು ತ್ರಿಕೋನದಲ್ಲಿ ಮೂರು ಮಾಯ. ಎನ್‌ಕ್ರಿಪ್ಷನ್ ಕಂಟ್ರೋಲರ್ ಅಂದದ್ದು ಪ್ರೊಸೆಸರ್ ಒಳಗಿನ ಭದ್ರತಾ ಭಾಗ, ಹೆಸರಿಲ್ಲದ್ದು ಜಿಪಿಐಒ, ಸಣ್ಣ ಸಂಕೇತಗಳ ಪಿನ್‌ಗಳನ್ನು ನೋಡಿಕೊಳ್ಳುವ ಭಾಗ. ಎಲ್ಲವೂ ಆ ಒಂದು ಪೊಟ್ಟಣದಲ್ಲೇ ಬರುತ್ತವೆ. ಮೊದಲು ಇದನ್ನೇ ಹಾಕಿ ಅಂತ ಹೇಳುವುದು ಇದಕ್ಕೇ. ಬೇರೆ ಎಷ್ಟೋ ಡಿವೈಸ್‌ಗಳು ಕೂತಿರುವುದೇ ಚಿಪ್‌ಸೆಟ್‌ನ ದಾರಿಗಳ ಮೇಲೆ. ಆಮೇಲೆ ನೆಟ್‌ವರ್ಕ್, ಮತ್ತೆ ರೀಸ್ಟಾರ್ಟ್. ಆಮೇಲೆ ಗ್ರಾಫಿಕ್ಸ್, ಆಡಿಯೊ. ನಾಲ್ಕನ್ನೂ ಒಟ್ಟಿಗೆ ಹಾಕಿ ಕೊನೆಗೊಮ್ಮೆ ರೀಸ್ಟಾರ್ಟ್ ಮಾಡಿದರೂ ನಡೆಯುತ್ತದೆ, ಆದರೆ ತೊಂದರೆ ಬಂದಾಗ ಯಾವುದರಿಂದ ಬಂತೆಂದು ತಿಳಿಯುವುದಿಲ್ಲ. ಲೈಸೆನ್ಸ್ ವಿಷಯ ಐದು ನಿಮಿಷದ್ದು. ಆಕ್ಟಿವೇಶನ್ ಟ್ರಬಲ್‌ಶೂಟರ್‌ನಲ್ಲಿ, ಇತ್ತೀಚೆಗೆ ಹಾರ್ಡ್‌ವೇರ್ ಬದಲಿಸಿದ್ದೇನೆ ಅನ್ನುವುದನ್ನು ಒತ್ತಿ ಹಳೆಯ ಯಂತ್ರದ ಹೆಸರು ಆರಿಸಿದೆ, ಆಯಿತು. ನನ್ನದು ರಿಟೇಲ್ ಲೈಸೆನ್ಸ್. ಯಂತ್ರದ ಜೊತೆಗೇ ಬಂದ ಒಇಎಂ ಲೈಸೆನ್ಸ್ ಆದರೆ ಅದು ಆ ಮೊದಲ ಬೋರ್ಡ್‌ಗೇ ಕಟ್ಟಿದ್ದು.

ಸಂಜೆ ಹೊತ್ತಿಗೆ ತ್ರಿಕೋನ ಒಂದೂ ಉಳಿದಿರಲಿಲ್ಲ. ಎಲ್ಲ ಮುಗಿಯಿತು ಅಂದುಕೊಂಡು, ಅರ್ಧಕ್ಕೆ ನಿಂತಿದ್ದ ಅಧ್ಯಾಯ ತೆರೆದು ಹೆಡ್‌ಫೋನ್ ಹಾಕಿಕೊಂಡೆ. ನಾಲ್ಕನೇ ನಿಮಿಷದಲ್ಲಿ ಒಂದು ಚಿಟಿಕೆ ಸದ್ದು. ಓದಿದವರ ಬಾಯಿಯದು ಇರಬಹುದೆಂದು ಹಿಂದಕ್ಕೆ ಹೋಗಿ ಕೇಳಿದೆ, ಅಲ್ಲಿ ಏನೂ ಇಲ್ಲ. ಮುಂದೆ ಇನ್ನೊಂದು ಕಡೆ ಬಂತು. ರೆಕಾರ್ಡಿಂಗ್‌ನಲ್ಲಿ ಇಲ್ಲದ ಸದ್ದು ನನ್ನ ಕಿವಿಗೆ ಬರುತ್ತಿದೆ. ನನ್ನ ಕೆಲಸದಲ್ಲಿ ಇದಕ್ಕಿಂತ ಕೆಟ್ಟದ್ದಿಲ್ಲ. ತೆಗೆಯಬೇಕಾದ ಸದ್ದು ಯಾವುದು, ಯಂತ್ರ ಸೇರಿಸಿದ್ದು ಯಾವುದು ಅಂತ ಗೊತ್ತಾಗದಿದ್ದರೆ ಎಡಿಟ್ ಮಾಡುವುದಾದರೂ ಹೇಗೆ?

ಇದು ಯಾಕಾಗುತ್ತದೆ ಅಂದರೆ, ಧ್ವನಿ ಸಣ್ಣ ಸಣ್ಣ ತುಂಡಾಗಿ ಹೋಗುತ್ತದೆ. 48 ಕಿಲೋಹರ್ಟ್ಸ್‌ನಲ್ಲಿ 128 ಸ್ಯಾಂಪಲ್‌ನ ಬಫರ್ (ಒಂದು ಸಲಕ್ಕೆ ಕಳಿಸುವ ತುಂಡಿನ ಅಳತೆ) ಇಟ್ಟುಕೊಂಡರೆ ಒಂದು ತುಂಡಿಗೆ ಸಿಗುವ ಸಮಯ 2.67 ಮಿಲಿಸೆಕೆಂಡ್. ಅಷ್ಟರೊಳಗೆ ಮುಂದಿನ ತುಂಡು ಸಿದ್ಧವಾಗಬೇಕು. ಯಾವುದಾದರೂ ಡ್ರೈವರ್ ಆ ಹೊತ್ತಿನಲ್ಲಿ ಪ್ರೊಸೆಸರನ್ನು ಬಿಡದೆ ಹಿಡಿದುಕೊಂಡರೆ ತುಂಡು ತಪ್ಪುತ್ತದೆ, ಚಿಟಿಕೆ ಕೇಳುತ್ತದೆ. ಹಾಗಾಗಿ ತಪ್ಪು ಆಡಿಯೊ ಡ್ರೈವರ್‌ನದೇ ಇರಬೇಕೆಂದಿಲ್ಲ. ಲೇಟೆನ್ಸಿಮಾನ್ ಎಂಬ ಸಾಫ್ಟ್‌ವೇರ್ ಓಡಿಸಿ ಅರ್ಧ ಗಂಟೆ ಬಿಟ್ಟೆ. ಪಟ್ಟಿಯ ತುದಿಯಲ್ಲಿ ಎನ್‌ಡಿಐಎಸ್, ಅಂದರೆ ವಿಂಡೋಸ್‌ನಲ್ಲಿ ನೆಟ್‌ವರ್ಕ್ ಡ್ರೈವರ್‌ಗಳೆಲ್ಲ ಹಾದುಹೋಗುವ ಕಡತ. ಒಮ್ಮೊಮ್ಮೆ 3000 ಮೈಕ್ರೋಸೆಕೆಂಡ್ ದಾಟುತ್ತಿತ್ತು. ಡಿವೈಸ್ ಮ್ಯಾನೇಜರ್‌ನಲ್ಲಿ ಎತರ್ನೆಟ್ ಡಿಸೇಬಲ್ ಮಾಡಿ ಮತ್ತೆ ಕೇಳಿದೆ. ಒಂದು ಅಧ್ಯಾಯ ಪೂರ್ತಿ, ಮೂವತ್ತೆಂಟು ನಿಮಿಷ, ಒಂದೂ ಚಿಟಿಕೆ ಇಲ್ಲ.

ಡ್ರೈವರ್ ಟ್ಯಾಬ್‌ನಲ್ಲಿ ದಿನಾಂಕ ನೋಡಿದೆ. ಬೋರ್ಡ್ ಪುಟದಲ್ಲಿ ಕೊಟ್ಟಿದ್ದ ನೆಟ್‌ವರ್ಕ್ ಡ್ರೈವರ್ ಮೂರು ವರ್ಷ ಹಳೆಯದು. ಬೋರ್ಡ್ ಮಾರಾಟಕ್ಕೆ ಬಂದಾಗ ಹಾಕಿದ್ದನ್ನು ಕಂಪನಿ ಆಮೇಲೆ ಬದಲಿಸಿಯೇ ಇಲ್ಲ. ಹಾರ್ಡ್‌ವೇರ್ ಐಡಿ ಹಿಡಿದು ಚಿಪ್ ತಯಾರಕರ ಪುಟಕ್ಕೆ ಹೋದೆ, ಹೊಸ ಆವೃತ್ತಿ ಇತ್ತು. ಹಾಕಿ, ರೀಸ್ಟಾರ್ಟ್ ಮಾಡಿ, ಮತ್ತೆ ಅರ್ಧ ಗಂಟೆ ಅಳೆದೆ. 300 ಮೈಕ್ರೋಸೆಕೆಂಡ್ ಮೀರಲಿಲ್ಲ. ಈ ಬೋರ್ಡ್ ಬಗ್ಗೆ ನನ್ನ ಅತಿ ದೊಡ್ಡ ದೂರು ಇದೇ. ಬೋರ್ಡ್ ಮಾಡುವವರು ತಾಮ್ರ, ತಗಡು, ಹೀಟ್‌ಸಿಂಕ್‌ಗೆ ಕೊಟ್ಟ ಗಮನದಲ್ಲಿ ಕಾಲು ಭಾಗವನ್ನಾದರೂ ಡ್ರೈವರ್ ಪುಟಕ್ಕೆ ಕೊಡಬೇಕು. ಕೊಳ್ಳುವ ಮುಂಚೆ ಆ ಪುಟ ತೆರೆದು, ಕೊನೆಯ ಬಾರಿ ಯಾವಾಗ ಏನು ಹಾಕಿದ್ದಾರೆ ನೋಡಿ. ನನ್ನ ಮಟ್ಟಿಗೆ ಅದೂ ಬೋರ್ಡ್‌ನ ಒಂದು ಭಾಗವೇ.

ಬಯೋಸ್ ವಿಷಯದಲ್ಲಿ ಅದೇ ಕಂಪನಿ ಚುರುಕಾಗಿದೆ, ಅದನ್ನೂ ಹೇಳಬೇಕು. 500 ಸರಣಿಯ ಚಿಪ್‌ಸೆಟ್‌ಗಳಲ್ಲಿ ಯುಎಸ್‌ಬಿ ಸಂಪರ್ಕ ಆಗಾಗ ತಪ್ಪುವ ತೊಂದರೆ ಇದೆಯೆಂದು 2021ರಲ್ಲಿ ಎಎಂಡಿಯೇ ಹೇಳಿ, ಬಯೋಸ್‌ಗಾಗಿ ತಾನು ಕೊಡುವ ಎಜೆಸಾ ಎಂಬ ಕೋಡ್‌ನ 1.2.0.2 ಆವೃತ್ತಿಯಲ್ಲಿ ಪರಿಹಾರ ಕೊಟ್ಟಿತ್ತು. ಎಫ್‌ಟಿಪಿಎಂನಿಂದ ಒಮ್ಮೊಮ್ಮೆ ಯಂತ್ರ ತಡವರಿಸುವುದಕ್ಕೆ 2022ರಲ್ಲಿ 1.2.0.7 ಬಂತು. ನನ್ನ ಆಡಿಯೊ ಇಂಟರ್‌ಫೇಸ್ (ಮೈಕ್, ಹೆಡ್‌ಫೋನ್ ಜೋಡಿಸುವ ಹೊರಗಿನ ಪೆಟ್ಟಿಗೆ) ಯುಎಸ್‌ಬಿಯಲ್ಲೇ ಇರುವುದರಿಂದ ಇವೆರಡೂ ನನಗೆ ಮುಖ್ಯ. ಬೋರ್ಡ್ ಜೊತೆ ಬಂದ ಬಯೋಸ್ ಇವುಗಳಿಗಿಂತ ಹೊಸದೇ ಇತ್ತು. ಆದರೂ ಮೊದಲ ವಾರವೇ ಫ್ಯಾಟ್32 ಮಾಡಿದ ಪೆನ್‌ಡ್ರೈವ್‌ನಿಂದ ಇನ್ನೂ ಈಚಿನದನ್ನು ಹಾಕಿದೆ. ಬಿಟ್‌ಲಾಕರ್ ಮತ್ತೆ ಆನ್ ಮಾಡಿದ್ದರೆ ಇದಕ್ಕೂ ಮುಂಚೆ ಸಸ್ಪೆಂಡ್ ಮಾಡಬೇಕು. ಬಯೋಸ್ ಬದಲಾದ ಮೇಲೆ ಸೆಟ್ಟಿಂಗ್ ಎಲ್ಲ ಮೊದಲಿನಂತಾಗಿ, ನನ್ನ 3200ರ ರ‍್ಯಾಮ್ ಸದ್ದಿಲ್ಲದೆ 2133ರಲ್ಲಿ ಓಡುತ್ತಿತ್ತು. ರ‍್ಯಾಮನ್ನು ಅದರ ಪೂರ್ತಿ ವೇಗದಲ್ಲಿ ಓಡಿಸುವ ಎಕ್ಸ್‌ಎಂಪಿ ಸೆಟ್ಟಿಂಗ್ ಮತ್ತೆ ಆನ್ ಮಾಡಿ, ಟಾಸ್ಕ್ ಮ್ಯಾನೇಜರ್‌ನಲ್ಲಿ ವೇಗ ನೋಡಿ ಖಾತ್ರಿ ಮಾಡಿಕೊಂಡೆ. ಅಲ್ಲಿಂದ ಈವರೆಗೆ ಯುಎಸ್‌ಬಿ ಒಮ್ಮೆಯೂ ತಪ್ಪಿಲ್ಲ.

ಹೊಸ ವಿಂಡೋಸ್ ಎದ್ದ ಕೂಡಲೇ ಬೋರ್ಡ್ ಕಂಪನಿಯ ಒಂದು ಕಿಟಕಿ ತಾನಾಗಿ ಬಂದು, ನಮ್ಮ ಸಾಫ್ಟ್‌ವೇರ್ ಹಾಕಲೇ ಎಂದು ಕೇಳಿತು. ನಾನು ಇಳಿಸಿದ್ದಲ್ಲ, ಬಯೋಸ್‌ನಿಂದ ಬರುವುದು. ಬೇಡ ಎಂದು ಮುಚ್ಚಿ, ಬಯೋಸ್‌ನಲ್ಲಿ ಆ ಆಯ್ಕೆಯನ್ನೇ ಆಫ್ ಮಾಡಿದೆ. ಹೀಗೆ ಕೇಳದೆ ಒಳಬರುವುದು ತಪ್ಪು.

ಎರಡನೇ ತಿಂಗಳಲ್ಲಿ ಒಂದು ಸಂಜೆ ಜೀವ ಬಾಯಿಗೆ ಬಂದಿತ್ತು. ಎರಡನೇ ಎಂ.2 ಸ್ಲಾಟ್‌ಗೆ ಹೊಸ ಎಸ್ಎಸ್‌ಡಿ ಹಾಕಿ ಆನ್ ಮಾಡಿದರೆ, ಹಳೆಯ ಪುಸ್ತಕಗಳೆಲ್ಲ ಇರುವ ಸಾಟಾ ಕೇಬಲ್‌ನಲ್ಲಿ ಜೋಡಿಸಿದ ಹಾರ್ಡ್‌ಡಿಸ್ಕ್ ಕಾಣೆ. ಬಯೋಸ್‌ನಲ್ಲೂ ಇಲ್ಲ. ಕೇಬಲ್ ಬದಲಿಸಿದೆ, ಇಲ್ಲ. ಕಿವಿ ಹಚ್ಚಿ ಕೇಳಿದರೆ ಡಿಸ್ಕ್ ತಿರುಗುತ್ತಿದೆ. ಕೊನೆಗೆ ಕೈಪಿಡಿಯ ಕೋಷ್ಟಕದ ಅಡಿಯ ಚಿಕ್ಕ ಅಕ್ಷರದಲ್ಲಿ ಸಿಕ್ಕಿತು: ಎರಡನೇ ಎಂ.2 ತುಂಬಿದರೆ ಸಾಟಾ ಪೋರ್ಟ್‌ಗಳಲ್ಲಿ ಎರಡು ಮುಚ್ಚಿಕೊಳ್ಳುತ್ತವೆ. ಪೋರ್ಟ್ ಬದಲಿಸಿದ ಕೂಡಲೇ ಡಿಸ್ಕ್ ಬಂತು. ಚಿಪ್‌ಸೆಟ್‌ನ ದಾರಿಗಳು ಸೀಮಿತ, ಹಂಚಿಕೊಳ್ಳಬೇಕು, ಅದು ಅರ್ಥವಾಗುತ್ತದೆ. ಆದರೆ ಅಷ್ಟು ಮುಖ್ಯವಾದ ಮಾತನ್ನು ಬೋರ್ಡ್ ಮೇಲೆ, ಆ ಪೋರ್ಟ್ ಪಕ್ಕದಲ್ಲೇ ಅಚ್ಚು ಹಾಕಬಹುದಿತ್ತು.

ಬೋರ್ಡ್‌ನದೇ ಆಡಿಯೊ ಬಗ್ಗೆ ಕೇಳುವವರಿಗೆ: ಹಿಂದಿನ ಪೋರ್ಟ್‌ನಿಂದ ಹಾಡು ಕೇಳಲು, ಮಾತಾಡಲು ಚೆನ್ನಾಗಿದೆ. ಕ್ಯಾಬಿನೆಟ್‌ನ ಮುಂದಿನ ಪೋರ್ಟ್‌ಗೆ ಮೈಕ್ ಹಾಕಿದರೆ, ಗ್ರಾಫಿಕ್ಸ್ ಕಾರ್ಡ್‌ಗೆ ಕೆಲಸ ಹೆಚ್ಚಾದಾಗ ಸಣ್ಣ ಕೀರಲು ಸದ್ದು ಸೇರುತ್ತದೆ. ಮುಂದಿನ ಪೋರ್ಟ್‌ನ ತಂತಿ ಬೋರ್ಡ್ ಉದ್ದಕ್ಕೂ ಗ್ರಾಫಿಕ್ಸ್ ಕಾರ್ಡ್ ಕೆಳಗೆ ಹಾದು ಬರುತ್ತದೆ. ಅದನ್ನು ತಗಡಿನ ಹಿಂಬದಿಗೆ ತಿರುಗಿಸಿ ತಂದ ಮೇಲೆ ಕಡಿಮೆಯಾಯಿತು, ಪೂರ್ತಿ ಹೋಗಲಿಲ್ಲ. ರೆಕಾರ್ಡಿಂಗ್‌ಗೆ ಬೇರೆ ಇಂಟರ್‌ಫೇಸ್ ಇಟ್ಟುಕೊಳ್ಳಿ.

ಎಎಂ4 ಪ್ರೊಸೆಸರ್ ಚೆನ್ನಾಗಿದ್ದು ಬೋರ್ಡ್ ಮಾತ್ರ ಹೋದವರಿಗೆ ಬಿ550 ಬೋರ್ಡನ್ನು ಧೈರ್ಯವಾಗಿ ಹೇಳುತ್ತೇನೆ. ಐದಕ್ಕೆ ನಾಲ್ಕು ಅಂಕ. ಕಳೆದ ಒಂದು ಅಂಕ ಪೂರ್ತಿಯಾಗಿ ಆ ಡ್ರೈವರ್ ಪುಟದ್ದು. ಎರಡು ಸಾಟಾ ಡಿಸ್ಕ್‌ಗಿಂತ ಹೆಚ್ಚು ಇಟ್ಟುಕೊಂಡವರು ಮಾತ್ರ ಕೈಪಿಡಿಯನ್ನು ಮೊದಲೇ ಇಳಿಸಿ ಸಾಟಾ ಕೋಷ್ಟಕ ಓದಿ. ನೆಟ್‌ವರ್ಕ್ ಡ್ರೈವರ್‌ನ ಆವೃತ್ತಿ, ಬಯೋಸ್ ಆವೃತ್ತಿ, ಮುಚ್ಚಿಕೊಳ್ಳುವ ಎರಡು ಪೋರ್ಟ್‌ಗಳ ಸಂಖ್ಯೆ, ಎಲ್ಲವನ್ನೂ ಮಗಳು ಒಂದು ಚೀಟಿಯಲ್ಲಿ ಬರೆದು ಕ್ಯಾಬಿನೆಟ್‌ನ ಪಕ್ಕದ ತಗಡಿನ ಒಳಬದಿಗೆ ಅಂಟಿಸಿದ್ದಾಳೆ. ಡ್ರೈವರ್‌ಗಳಿರುವ ಪೆನ್‌ಡ್ರೈವ್ ಅದರ ಪಕ್ಕದಲ್ಲೇ ಟೇಪ್ ಹಚ್ಚಿಕೊಂಡು ಕೂತಿದೆ.